ಕೋವಿಗೆ ಸೊಂಟ ಸಡಿಲ

ನಮ್ಮ ಕಡೆ ಚುನಾವಣೆ ಬಂತೆಂದರೆ ಮೊದಲು ಠಾಣೆಯ ಮುಂದೆ ಕೋವಿಗಳ ಸಾಲು ಕಾಣಿಸುತ್ತದೆ, ಅಭ್ಯರ್ಥಿಗಳು ಆಮೇಲೆ. ಅಡಿಕೆ ತೋಟದ ಮಂಗ, ಗದ್ದೆಯ ಹಂದಿ ಓಡಿಸುವುದಕ್ಕೆಂದು ಲೈಸೆನ್ಸು ಪಡೆದವರೆಲ್ಲ ತಂತಮ್ಮ ಕೋವಿಯನ್ನು ಗೋಣಿಚೀಲದಲ್ಲೋ ಹಳೇ ಪಂಚೆಯಲ್ಲೋ ಸುತ್ತಿ ತಂದು ಠೇವಣಿ ಇಟ್ಟು, ರಸೀದಿ ಜೇಬಿಗೆ ಹಾಕಿಕೊಂಡು ಮನೆಗೆ ಹೋಗಬೇಕು. ಮತ ಎಣಿಕೆ ಮುಗಿದ ಮೇಲೆ ಬಂದು ಬಿಡಿಸಿಕೊಳ್ಳಬೇಕು. ಮಂಗಗಳಿಗೆ ಈ ವೇಳಾಪಟ್ಟಿಯನ್ನು ಯಾರು ತಿಳಿಸುತ್ತಾರೋ, ನೀತಿಸಂಹಿತೆ ಜಾರಿಯಾದ ಮರುದಿನ ಬೆಳಿಗ್ಗೆ ಕುಟುಂಬ ಸಮೇತ ತೋಟಕ್ಕೆ ಇಳಿದಿರುತ್ತವೆ.

2023ರ ವಿಧಾನಸಭಾ ಚುನಾವಣೆಗೆ ಹೀಗೇ ಸಾಲಿನಲ್ಲಿ ನಿಂತಿದ್ದೆ. ಮುಂದೆ ಒಂದು ಜೋಡಿನಳಿಗೆ, ಎರಡು ಒಂಟಿನಳಿಗೆ. ಹಿಂದೆ ಒಂದು ಕೇಪಿನ ಕೋವಿ. ನನ್ನ ಸರದಿ ಬಂತು. ಹೊಸದಾಗಿ ಬಂದಿದ್ದ ಹುಡುಗ ಪೊಲೀಸು ನಂಬರು ಓದಲೆಂದು ನಳಿಗೆ ಹಿಡಿದು ತನ್ನ ಕಡೆ ಎಳೆದುಕೊಂಡ. ನಳಿಗೆ ಅವನ ಕಡೆ ಹೋಯಿತು. ಹಿಡಿ ನನ್ನ ಕೈಯಲ್ಲೇ ಉಳಿಯಿತು. ನಡುವೆ ಇದ್ದ ಬೋಲ್ಟು ಟಣ್ಣೆಂದು ನೆಲಕ್ಕೆ ಬಿದ್ದು ಬೆಂಚಿನಡಿಗೆ ಉರುಳಿತು.

ಆ ಹುಡುಗನ ಮುಖ ನೋಡಬೇಕಿತ್ತು. ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತೋ ಇಲ್ಲವೋ, ಸಾರ್ವಜನಿಕರ ಸೊತ್ತು ಕೈಯಲ್ಲೇ ಮುರಿದುಹೋಗಿದೆ! ಸಾಲಿನಲ್ಲಿದ್ದ ಕೋವಿಧಾರಿಗಳು ನಾಲ್ವರೂ ಕೋವಿ ಗೋಡೆಗೊರಗಿಸಿ, ಪಂಚೆ ಎತ್ತಿ ಕಟ್ಟಿ, ಮಂಡಿಯೂರಿ ಬೋಲ್ಟು ಹುಡುಕಿದರು. ಅಷ್ಟು ಹೊತ್ತೂ ಪೆನ್ನು ಎತ್ತಿ ಹಿಡಿದೇ ಕೂತಿದ್ದ ಹಿರಿಯ ದಫೇದಾರರು ಕೊನೆಗೆ ಕೇಳಿದರು: “ಒಂದು ಅಂತ ಬರೀಲೋ, ಎರಡು ಅಂತ ಬರೀಲೋ?”

“ಒಂದೇ ಸಾರ್. ಇದು ಬಿಚ್ಚೋ ಕೋವಿ.”

“ಬಿಚ್ಚೋ ಕೋವಿ ಅಂದ್ರೆ ನೀವು ಬಿಚ್ಚಿದಾಗ ಬಿಚ್ಕೋಬೇಕು. ಇದು ಯಾರು ಮುಟ್ಟಿದ್ರೂ ಬಿಚ್ಕೊಳ್ಳುತ್ತಲ್ರೀ?”

ಐವತ್ತು ವರ್ಷದಿಂದ ನಮ್ಮ ಮನೆಯವರು ಯಾರೂ ಹೊರಗಿನವರ ಮುಂದೆ ಬಾಯಿಬಿಟ್ಟು ಹೇಳದಿದ್ದ ಮಾತು ಅದು. ರಸೀದಿಯಲ್ಲಿ ಅವರು ದುಂಡಗೆ ಬರೆದರು: ‘ಕೋವಿ 1, ತುಂಡು 2, ಸಡಿಲ.’ ಅದನ್ನು ಹಿಡಿದುಕೊಂಡು ಮೆಟ್ಟಿಲಿಳಿಯುವಾಗ, ಮಗನ ಪ್ರೋಗ್ರೆಸ್ ಕಾರ್ಡಿನಲ್ಲಿ ‘ಮಂದ’ ಎಂದು ಬರೆಸಿಕೊಂಡು ಬಂದ ಅಪ್ಪನ ಹಾಗೆ ನನಗೆ ಅವಮಾನವಾಯಿತು.

ಇದು ಅಜ್ಜಯ್ಯನ ಕೋವಿ. ಕಾಫಿ ತೋಟದ ದೊರೆಯೊಬ್ಬ 1947ರ ಆಸುಪಾಸಿನಲ್ಲಿ ತನ್ನೂರಿಗೆ ಹೊರಟವನು ಸಾಮಾನು ಸರಂಜಾಮು ಮಾರುತ್ತಿದ್ದಾನೆ ಎಂದು ಸುದ್ದಿಯಾಗಿ, ಅವನ ಸೀಮೆಹಸು ತರುತ್ತೇನೆಂದು ಹೋದ ಅಜ್ಜಯ್ಯ ಸಂಜೆಗೆ ಕೋವಿ ತಂದರು. ಅಜ್ಜಿ ಸಾಯುವ ತನಕ ಆ ಹಸುವಿನ ಮಾತು ಬಿಡಲಿಲ್ಲ. ಕಾಫಿಗೆ ಹಾಲು ಕಡಿಮೆಯಾದ ದಿನವೆಲ್ಲ, “ಕೋವಿ ಕರೆದುಕೊಂಡು ಬನ್ನಿ” ಎಂದು ತಂಬಿಗೆ ಮುಂದಿಡುತ್ತಿದ್ದಳಂತೆ.

ಕೋವಿ ಅಂದರೆ ನಿಮ್ಮ ಕಣ್ಣಿಗೆ ಏನು ಬರುತ್ತದೋ ಅದಲ್ಲ ಇದು. ವಿಂಚೆಸ್ಟರ್ ಕಂಪನಿಯ 1906ರ ಮಾಡೆಲ್ಲು, ಪಾಯಿಂಟ್ ಟೂಟೂ. ಇಪ್ಪತ್ತಿಂಚಿನ ಸಪೂರ ನಳಿಗೆ. ಅದರಡಿಗೆ ತೋಟೆ ತುಂಬುವ ಇನ್ನೊಂದು ಕೊಳವೆ, ಆ ಕೊಳವೆಯ ಮೇಲೆ ಜೋಳದ ತೆನೆಯಂತೆ ಗೀರುಗೀರಾದ ಮರದ ಹಿಡಿ. ಅದನ್ನು ಹಿಂದಕ್ಕೆಳೆದು ಮುಂದೆ ತಳ್ಳಿದರೆ ಖಾಲಿ ತೋಟೆ ಹೊರಗೆ ಹಾರಿ ಹೊಸ ತೋಟೆ ಒಳಗೆ ಕೂರುತ್ತದೆ. ಒಟ್ಟು ತೂಕ ಒಂದು ಹದವಾದ ಹಲಸಿನ ಹಣ್ಣಿಗಿಂತ ಕಡಿಮೆ. ಈ ಮನೆತನದ ಕೋವಿಗಳು ಅಮೆರಿಕದ ಸಂತೆ ಜಾತ್ರೆಗಳಲ್ಲಿ, ಗುರಿ ಹೊಡೆಯುವ ಅಂಗಡಿಗಳಲ್ಲಿ ಸಾಲಾಗಿ ಇರುತ್ತಿದ್ದವಂತೆ. ನಮ್ಮ ಜಾತ್ರೆಯಲ್ಲಿ ಬಲೂನಿಗೆ ಹೊಡೆಯುವ ಗಾಳಿಕೋವಿಯ ಹಾಗೆ. ಅಜ್ಜಯ್ಯನಿಗೆ ಇದು ಗೊತ್ತಿದ್ದಿದ್ದರೆ ಹಸುವನ್ನೇ ತರುತ್ತಿದ್ದರೋ ಏನೋ.

ಇದರ ಎಡಮಗ್ಗುಲಿಗೆ, ಸೊಂಟ ಇರುವಲ್ಲಿ, ಹೆಬ್ಬೆರಳಿಗೂ ತೋರುಬೆರಳಿಗೂ ಸಿಗುವಂತೆ ಒಂದು ದಪ್ಪ ತಲೆಯ ತಿರುಪು ಇರಬೇಕು. ಹಳೇ ರೂಪಾಯಿ ಬಿಲ್ಲೆಯ ಅಂಚಿನಂತೆ ಅದರ ತಲೆಯ ಸುತ್ತ ಗೀರು. ಬರಿಗೈಯಲ್ಲಿ ಅದನ್ನು ತಿರುಗಿಸಿ ಸಡಿಲಿಸಿದರೆ ಕೋವಿ ಎರಡಾಗುತ್ತದೆ. ನಳಿಗೆ, ತೋಟೆಯ ಕೊಳವೆ, ಜೋಳದ ತೆನೆ ಒಂದು ಕಡೆ. ಕುದುರೆ, ಟ್ರಿಗರು, ಅಕ್ರೋಟ ಮರದ ಹಿಡಿ ಇನ್ನೊಂದು ಕಡೆ. ಇಂಗ್ಲಿಷಿನಲ್ಲಿ ಇಂಥದಕ್ಕೆ ಟೇಕ್‌ಡೌನ್ ಎನ್ನುತ್ತಾರೆ. ಪೆಟ್ಟಿಗೆಯಲ್ಲೋ ಹೋಲ್ಡಾಲಿನಲ್ಲೋ ಹಾಕಿಕೊಂಡು ರೈಲು ಹತ್ತಲು ಅನುಕೂಲ. ಅಜ್ಜಯ್ಯ ಜನ್ಮದಲ್ಲಿ ರೈಲು ಹತ್ತಿದವರಲ್ಲ.

ಇದರ ಮೂಲಪುರುಷ 1890ರ ಮಾಡೆಲ್ಲು. ರೂಪಿಸಿದವರು ಯೂಟಾ ಸೀಮೆಯ ಓಗ್ಡನ್ ಊರಿನ ಜಾನ್ ಬ್ರೌನಿಂಗ್ ಮತ್ತು ಅವನ ತಮ್ಮ ಮ್ಯಾಥ್ಯೂ. ನಕ್ಷೆ ನೋಡಿದ ಕಂಪನಿಯವರು ಇದು ಕೆಲಸ ಮಾಡುವುದಿಲ್ಲ ಎಂದರಂತೆ. ಅಣ್ಣತಮ್ಮಂದಿರು ಮಾತಿಗೆ ಮಾತು ಬೆಳೆಸದೆ ಕೋವಿಯನ್ನೇ ಮಾಡಿ ಕಳಿಸಿದರಂತೆ. ಇವರಪ್ಪ ಜೊನಾಥನ್ ಕೂಡ ಕೋವಿ ಮಾಡುವವನು. ಅವನಿಗೆ ಮೂವರು ಹೆಂಡಿರು, 22 ಮಕ್ಕಳು. ಪಾಯಿಂಟ್ 22 ಎನ್ನುವುದು ನಳಿಗೆಯ ತೂತಿನ ಇಂಚಿನ ಲೆಕ್ಕ, ಮಕ್ಕಳ ಲೆಕ್ಕಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ನನಗೆ ಗೊತ್ತು. ಆದರೂ ಒಂದು ಮಾತು: ಆ 1890ರ ಕೋವಿ ಮೊದಲು ಬಿಚ್ಚಲಾಗದ ಇಡೀ ಕೋವಿಯಾಗಿಯೇ ಬಂತು, ಎರಡು ವರ್ಷ ಕಳೆಯುವುದರೊಳಗೆ ಬಿಚ್ಚುವ ಕೋವಿಯಾಯಿತು. ಅಷ್ಟು ಮಕ್ಕಳ ಮನೆಯಿಂದ ಬಂದದ್ದು ಎಷ್ಟು ದಿನ ಅವಿಭಕ್ತವಾಗಿ ಇದ್ದೀತು? ನಮ್ಮ 1906ರ ಮಾಡೆಲ್ಲಂತೂ ಹುಟ್ಟಿದ್ದೇ ಎರಡಾಗಿ. 1932ರ ತನಕ ಅಂಥವು ಎಂಟು ಲಕ್ಷಕ್ಕೂ ಮಿಕ್ಕಿ ತಯಾರಾದವು. ಅಷ್ಟರಲ್ಲಿ ಎಷ್ಟು ಮನೆಗಳು ಪಾಲಾದವೋ, ಆ ಲೆಕ್ಕ ಕಂಪನಿಯ ಬಳಿ ಇರಲಾರದು.

ಅಜ್ಜಯ್ಯನ ಕಾಲದಲ್ಲಿ ಕೋವಿಯಿಂದ ಬೇಟೆ ಏನಾದರೂ ಆಗಿದ್ದರೆ ಕಾಡುಕೋಳಿಯ ಮಟ್ಟದ್ದು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದೂ ಇಲ್ಲ. ಕಾಯ್ದೆ ಬರುವ ಮೊದಲು ನಮ್ಮ ಮನೆಯವರ ಗುರಿ ಹೇಗಿತ್ತು ಎಂಬುದಕ್ಕೆ ಕೊಟ್ಟಿಗೆಯ ಮಾಡಿನಲ್ಲಿ ಆರು ಹೆಂಚು ಇವತ್ತಿಗೂ ಸಾಕ್ಷಿ ಹೇಳುತ್ತವೆ. ಆಯುಧಪೂಜೆಯ ದಿನ ತೆಂಗಿನಕಾಯಿಗೆ ಇಟ್ಟ ಗುರಿಗಳು ಅವು. ಪ್ರತಿ ಸಲವೂ ಕೋವಿ ಇಳಿಸಿ, ಸೊಂಟದ ಹತ್ತಿರ ಹಿಡಿದು ಅಲ್ಲಾಡಿಸಿ, “ನೋಡಿ, ಸಡಿಲ!” ಎನ್ನುವುದು ಮನೆತನದ ಸಂಪ್ರದಾಯವಾಗಿತ್ತು.

ಹಾಗೆ ನೋಡಿದರೆ ಈ ಕೋವಿ ಗುಂಡು ಹೊಡೆದು ಸವೆದದ್ದಲ್ಲವೇ ಅಲ್ಲ. ಮದುವೆಗೆ ಹೆಣ್ಣು ನೋಡಲು ಬಂದವರಿಗೆ, ಅಡಿಕೆ ವ್ಯಾಪಾರಿಗಳಿಗೆ, ಶಾಲೆ ತನಿಖೆಗೆ ಬಂದ ಇನ್ಸ್‌ಪೆಕ್ಟರಿಗೆ, ಬಿಚ್ಚಿ ತೋರಿಸಿ, ಜೋಡಿಸಿ ತೋರಿಸಿ, ಮತ್ತೆ ಬಿಚ್ಚಿ ತೋರಿಸಿ ಸವೆಯಿತು. ದೊಡ್ಡಪ್ಪನಿಗಂತೂ ಬಂದವರ ಕೈಗೆ ಪಾನಕ ಕೊಟ್ಟು ಮುಗಿಯುವುದರೊಳಗೆ ಕೋವಿ ಎರಡಾಗಬೇಕು. ಮುಂದೆ ಕೆನೆತ್ ಆಂಡರ್ಸನ್ನನ ಶಿಕಾರಿ ಅನುಭವಗಳನ್ನು ತೇಜಸ್ವಿಯವರು ‘ಕಾಡಿನ ಕತೆಗಳು’ ಎಂದು ಕನ್ನಡಕ್ಕೆ ತಂದಾಗ ದೊಡ್ಡಪ್ಪ ಅವನ್ನು ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದಿದರು. ಆಂಡರ್ಸನ್ನನ ಕೈಯಲ್ಲಿದ್ದದ್ದೂ ವಿಂಚೆಸ್ಟರ್ ಎಂದು ಗೊತ್ತಾದ ದಿನದಿಂದ, “ನಮ್ಮದೂ ಅದೇ ಕಂಪನಿ” ಎಂಬ ಮಾತು ಪಾನಕದ ಜೊತೆಗೇ ಹೊರಗೆ ಬರತೊಡಗಿತು. ಆಂಡರ್ಸನ್ನನದು 1895ರ ಮಾಡೆಲ್, ಪಾಯಿಂಟ್ 405. ಅದರ ಗುಂಡು ಹತ್ತೊಂಬತ್ತು ಗ್ರಾಮಿನ ಮೇಲೆ ತೂಗುತ್ತದೆ, ನಮ್ಮದು ಎರಡೂವರೆ ಗ್ರಾಂ ಚಿಲ್ಲರೆ. ಆನೆಯೂ ಅಳಿಲೂ ಒಂದೇ ಕಾಡಿನವು ಎಂದ ಹಾಗೆ.

ಇನ್ನು ಪಾಲಿನ ಕತೆ. 1974ರಲ್ಲಿ ಮನೆ ಪಾಲಾಯಿತು. ನನಗಾಗ ಎಂಟು ವರ್ಷ. ಜಗಲಿಯ ಕಂಬದ ಹಿಂದೆ ನಿಂತು ಎಲ್ಲ ನೋಡಿದ್ದೇನೆ. ತೋಟ, ಗದ್ದೆ, ದನ, ಹಂಡೆ, ಕಡಾಯಿ, ಮಂಚ ಎಲ್ಲವೂ ಮಧ್ಯಾಹ್ನದ ಊಟದೊಳಗೆ ಇತ್ಯರ್ಥವಾದವು. ಗೋಡೆ ಗಡಿಯಾರ ದೊಡ್ಡಪ್ಪನ ಪಾಲಿಗೆ ಬಂತು. ಅದರ ಗಾಜಿನ ಬಾಗಿಲಿಗೆ ಹಿಡಿಯಿಲ್ಲ ಎಂದು ದೊಡ್ಡಮ್ಮ ಒಳಗಿನಿಂದಲೇ ತಕರಾರು ತೆಗೆದದ್ದಕ್ಕೆ ಸಮಾಧಾನವೆಂದು ಒಂದು ಸೇರು ಹಿತ್ತಾಳೆ ಪಾತ್ರೆ ಹೆಚ್ಚು ಬಿತ್ತು. ಊಟವಾದ ಮೇಲೆ ಕೋವಿ ಬಂತು. ದೊಡ್ಡಪ್ಪನಿಗೂ ಬೇಕು, ಅಪ್ಪಯ್ಯನಿಗೂ ಬೇಕು. ಸಂಜೆಯಾಯಿತು, ಎಲೆಅಡಿಕೆ ಖರ್ಚಾಯಿತು. ಪಂಚಾಯ್ತಿಕೆಗೆ ಬಂದಿದ್ದ ಹಿರಿಯರಿಗೆ ಮನೆ ಸೇರುವ ಅವಸರ. ಅವರಲ್ಲೊಬ್ಬರು ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡು, ತಿರುಪು ತಿರುಗಿಸಿ, ಎರಡು ಮಾಡಿ, “ಇದೇ ಹೇಳ್ತಾ ಉಂಟಲ್ಲ ಮಾರಾಯ್ರೆ, ಆಳಿಗೊಂದು ತಗೊಳ್ಳಿ” ಎಂದರು.

ನಳಿಗೆ ದೊಡ್ಡಪ್ಪನಿಗೆ, ಹಿಡಿ ಅಪ್ಪಯ್ಯನಿಗೆ. ತಿರುಪು ಯಾರಿಗೆ ಎಂದು ಪಾಲುಪಟ್ಟಿಯಲ್ಲಿ ಯಾರೂ ಬರೆಸಲಿಲ್ಲ.

ಮೂರು ವರ್ಷ ಕೋವಿ ಎರಡು ಮನೆಯಲ್ಲಿ ಬಾಳಿತು. ದೊಡ್ಡಪ್ಪ ನಳಿಗೆಗೆ ತೆಂಗಿನೆಣ್ಣೆ ಹಚ್ಚುತ್ತಿದ್ದರು, ಅಪ್ಪಯ್ಯ ತಮ್ಮ ಪಾಲಿಗೆ ಹೊಂಗೆ ಎಣ್ಣೆ. ಆಯುಧಪೂಜೆಗೆ ಎರಡೂ ಒಂದೇ ಮಣೆಯ ಮೇಲೆ ಕೂರುತ್ತಿದ್ದವು. ಕುಂಕುಮ ಆರುವುದರೊಳಗೆ ಮತ್ತೆ ತಂತಮ್ಮ ಮನೆಗೆ. ಲೈಸೆನ್ಸು ಮಾತ್ರ ದೊಡ್ಡಪ್ಪನ ಹೆಸರಿಗೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಕೋವಿಯ ಬಿಡಿಭಾಗವೂ ಕೋವಿಯೇ, ಅಪ್ಪಯ್ಯ ಬೀರುವಿನಲ್ಲಿ ಇಟ್ಟುಕೊಂಡಿರುವ ಮರದ ಹಿಡಿ ಅವರನ್ನು ಒಳಗೆ ಹಾಕಿಸಲು ಸಾಕು ಎಂದು ತಿಳಿದವರೊಬ್ಬರು ಹೇಳಿದ ರಾತ್ರಿ ಅಪ್ಪಯ್ಯ ಊಟ ಮಾಡಲಿಲ್ಲ. ಬೆಳಗಾಗುವುದರೊಳಗೆ ಹಿಡಿ ದೊಡ್ಡಪ್ಪನ ಮನೆ ಸೇರಿತು, ಬದಲಿಗೆ ಒಂದು ತಾಮ್ರದ ಹಂಡೆ ಈ ಮನೆಗೆ ಬಂತು. ಆ ಹಂಡೆಯಲ್ಲಿ ಕಾದ ನೀರನ್ನೇ ನಾನು ಇವತ್ತಿಗೂ ಮೀಯುತ್ತಿರುವುದರಿಂದ ವಿನಿಮಯದ ಬಗ್ಗೆ ನನ್ನದೇನೂ ದೂರಿಲ್ಲ.

ತುಂಡು ಎರಡೂ ಒಂದಾದವು, ತಿರುಪು ಇಲ್ಲ. ಪೇಟೆಯ ಸೈಕಲ್ ಶಾಪಿನಿಂದ ತಂದ ಬೋಲ್ಟೊಂದು ಆ ಜಾಗಕ್ಕೆ ಬಂತು. ಅದು ಅರ್ಧ ಸುತ್ತು ಸುಲಭವಾಗಿ ಹೋಗುತ್ತಿತ್ತು, ಇನ್ನರ್ಧ ಸುತ್ತಿಗೆ ಇಕ್ಕುಳ ಬೇಕಿತ್ತು, ಆಮೇಲೆ ಎಷ್ಟು ತಿರುಗಿಸಿದರೂ ಸುಮ್ಮನೆ ತಿರುಗುತ್ತಿತ್ತು. ಅಂದಿನಿಂದ ಕೋವಿಗೆ ಸೊಂಟ ನಿಲ್ಲಲಿಲ್ಲ. ಹೆಗಲಿಗಿಟ್ಟರೆ ಲಟಕ್, ಇಳಿಸಿದರೆ ಲಟಕ್. ಮಂಗಗಳಿಗೆ ಗುಂಡಿನ ಸದ್ದಿಗಿಂತ ಮೊದಲು ಆ ಲಟಕ್ ಪರಿಚಯವಾಗಿ, ಬೆದರಿಕೆಯ ಗುಂಡು ಹಾರುವ ಮುಂಚೆಯೇ ಅವು ಆರಾಮಾಗಿ ಪಕ್ಕದ ಮರಕ್ಕೆ ದಾಟಿ ಕೂರುತ್ತಿದ್ದವು. ಪಾಯಿಂಟ್ ಟೂಟೂವಿನ ಸದ್ದೋ, ಒಣಗಿದ ಅಡಿಕೆ ಹಾಳೆ ಮುರಿದಷ್ಟು. ಈಚೆಗೆ ಹುಡುಗರು ಪಿವಿಸಿ ಪೈಪಿಗೆ ಕಾರ್ಬೈಡು ಹಾಕಿ ಢಂ ಎನ್ನಿಸುವ ‘ಮಂಗನ ಕೋವಿ’ ಮಾಡಿಕೊಂಡ ಮೇಲಂತೂ ವಿಂಚೆಸ್ಟರಿನ ಮಾನ ಪೂರಾ ಹೋಯಿತು.

ದೊಡ್ಡಪ್ಪ ತೀರಿಕೊಂಡ ಮೇಲೆ ಅಣ್ಣ, ಅಂದರೆ ದೊಡ್ಡಪ್ಪನ ಮಗ, ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಮಂಗನಿಲ್ಲ ಎಂದು ಕೋವಿ ಬೇಡವೆಂದ. ಅರ್ಜಿ, ಅಫಿಡವಿಟ್ಟು, ವೈದ್ಯರ ಸರ್ಟಿಫಿಕೇಟು ಎಲ್ಲ ಕೊಟ್ಟು ಲೈಸೆನ್ಸನ್ನು ನಾನು ನನ್ನ ಹೆಸರಿಗೆ ಮಾಡಿಸಿಕೊಂಡೆ. ಅದರ ಜೊತೆಗೆ ಆ ಲಟಕ್ಕೂ ಬಂತು. ಹನ್ನೊಂದು ವರ್ಷ ಸಹಿಸಿಕೊಂಡಿದ್ದವನನ್ನು ‘ತುಂಡು 2, ಸಡಿಲ’ ಎಂಬ ಸರ್ಕಾರಿ ಬರಹ ಬಡಿದೆಬ್ಬಿಸಿತು. ಫಲಿತಾಂಶ ಬಂದು, ಕೋವಿ ಬಿಡಿಸಿಕೊಂಡು ಬಂದವನೇ ರಿಪೇರಿ ಮಾಡಿಸಿಯೇ ಸೈ ಎಂದು ಸಾರಿದೆ.

ಸಾರಬಾರದಿತ್ತು. ಮಲೆನಾಡಿನಲ್ಲಿ ಮೈಗೆ ಜ್ವರ ಬಂದರೆ ಹತ್ತು ಕಷಾಯ ಹೇಳುತ್ತಾರೆ. ಕೋವಿಗೆ ಬಂದರೆ ಇಪ್ಪತ್ತು. ಪಂಪ್‌ಸೆಟ್ಟು ರಿಪೇರಿಗೆ ಬಂದವನು ಟೆಫ್ಲಾನ್ ಟೇಪು ಸುತ್ತಿ ಎಂದ. ಅವನಿಗೆ ಲೋಕದ ಸಕಲ ಸಡಿಲವೂ ನೀರು ಸೋರುವ ಸಡಿಲ. ಕತ್ತಿ ಹಣಿಯುವ ಆಚಾರಿಯಂತೂ ನೋಡಿದ ಕೂಡಲೇ ಸುತ್ತಿಗೆ ಎತ್ತಿಕೊಂಡು, “ಎರಡೇ ಎರಡು ಪೆಟ್ಟು ಸ್ವಾಮಿ, ಕೂತ್ಕಳ್ತದೆ” ಎಂದ. ಕೂತುಕೊಳ್ಳುವುದೇನೋ ನಿಜ, ಆಮೇಲೆ ಏಳುತ್ತದೆಯೇ ಎಂದು ಕೇಳಿದೆ. “ಏಳೋದು ಯಾಕೆ?” ಎಂದ. ತಾತ್ವಿಕವಾಗಿ ಅವನದು ಸರಿಯೇ. ಆದರೆ ಕೋವಿ ರಿಪೇರಿ ಮಾಡುವವನಿಗೂ ಕಾಯ್ದೆಯಲ್ಲಿ ಲೈಸೆನ್ಸು ಬೇಕು ಎಂಬುದು ನೆನಪಾಗಿ ಅವನನ್ನೂ ನನ್ನನ್ನೂ ಒಟ್ಟಿಗೇ ಪಾರು ಮಾಡಿದೆ. ಅಳಿಯ ಎಂಜಿನಿಯರು, ಬೆಂಗಳೂರಿನಿಂದ ಫೋನಿನಲ್ಲೇ ‘ಟಾಲರೆನ್ಸ್’ ಎಂಬ ವಿಷಯದ ಮೇಲೆ ಇಪ್ಪತ್ತು ನಿಮಿಷ ಮಾತಾಡಿದ. ಅವಳು, ನನ್ನ ಹೆಂಡತಿ, ಪಕ್ಕದಲ್ಲಿ ಅಡಿಕೆ ಸುಲಿಯುತ್ತ ಎಲ್ಲ ಕೇಳಿಸಿಕೊಂಡು, “ಆ ಟಾಲರೆನ್ಸು ಇಷ್ಟು ವರ್ಷ ಈ ಮನೇಲಿ ನಾನೊಬ್ಬಳೇ ಇಟ್ಕೊಂಡದ್ದು” ಎಂದಳು.

ಕೊನೆಗೆ ಮೈಸೂರಿನಲ್ಲಿ ಲೈಸೆನ್ಸು ಇರುವ ಒಬ್ಬ ಹಳಬರಿದ್ದಾರೆ, ಅವರಪ್ಪನ ಕಾಲದಿಂದ ಇದೇ ಕೆಲಸ ಎಂದು ಗೊತ್ತಾಗಿ, ಕಾಗದಪತ್ರ ಸಮೇತ ಕೋವಿ ಕಟ್ಟಿಕೊಂಡು ಹೊರಟೆ.

ಸಾಹೇಬರಿಗೆ ಎಪ್ಪತ್ತರ ಮೇಲೆ. ಕನ್ನಡಕವನ್ನು ಹಣೆಗೇರಿಸಿಕೊಂಡು ಬರಿಗಣ್ಣಲ್ಲಿ ನೋಡುವವರು. ಮೊದಲು ಮಾತೇ ಆಡದೆ ತೋಟೆಯ ಜಾಗ ಖಾಲಿಯಿದೆಯೇ ಎಂದು ಎರಡೆರಡು ಸಲ ನೋಡಿದರು. ನಳಿಗೆ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಿದರು, ತೆಂಗಿ‌ನಕಾಯಿಯಲ್ಲಿ ನೀರಿದೆಯೇ ಎಂದು ನೋಡುವವರ ಹಾಗೆ. ಲಟಕ್. ಆಮೇಲೆ ಕಿಟಕಿಯ ಬೆಳಕಿಗೆ ಅಡ್ಡ ಹಿಡಿದು ನನಗೂ ತೋರಿಸಿದರು. ಎರಡು ತುಂಡು ಸೇರುವಲ್ಲಿ ಕೂದಲೆಳೆಯ ಬೆಳಕು ಈಚೆ ಬರುತ್ತಿತ್ತು.

“ಇದು ಸವೆದದ್ದಲ್ಲ ಸ್ವಾಮಿ. ಸವೆದದ್ದಾದರೆ ಆ ಕಡೆ ಈ ಕಡೆ ಎರಡೂ ಕಡೆ ಬೆಳಕು ಬರಬೇಕು. ಇದು ಕೂತೇ ಇಲ್ಲ. ಒಳಗೆ ಏನೋ ತಡೀತಾ ಇದೆ.”

ಬಿಚ್ಚಿದರು. ಸೀಮೆಎಣ್ಣೆಯ ಬಟ್ಟಲಿನಲ್ಲಿ ಬಿದಿರಿನ ಕಡ್ಡಿ ಅದ್ದಿ, ಹಲ್ಲಿನ ಸಂದಿ ಕೆದಕುವ ಹಾಗೆ ನಿಧಾನವಾಗಿ ಕೆದಕತೊಡಗಿದರು. ಎಣ್ಣೆಯೂ ಧೂಳೂ ಸೇರಿ ಗಟ್ಟಿಯಾದ ಕರಿ ಮೇಣ ಪದರಪದರವಾಗಿ ಬಂತು. ಅದರ ನಡುವಿನಿಂದ ಮೊದಲು ಬಂದದ್ದು ಉಗುರಗಲದ ರಬ್ಬರು. ಅದು ನನ್ನದೇ, ಹದಿನೈದನೇ ವಯಸ್ಸಿನಲ್ಲಿ ಯಾರಿಗೂ ಹೇಳದೆ ಸೈಕಲ್ ಟ್ಯೂಬು ಕತ್ತರಿಸಿ ಸಿಕ್ಕಿಸಿದ್ದು. ಅದರಡಿಗೆ ನಾಲ್ಕು ಮಡಿಕೆ ಮಾಡಿದ ಪಂಚಾಂಗದ ಹಾಳೆ, ‘ಬಹುಳ’ ಎಂಬುದಷ್ಟೇ ಓದಲು ಬರುವಂತಿತ್ತು. ದೊಡ್ಡಪ್ಪನನ್ನು ಬಿಟ್ಟು ಬೇರೆ ಯಾರೂ ಪಂಚಾಂಗ ಹರಿಯುವ ಧೈರ್ಯ ಮಾಡುತ್ತಿರಲಿಲ್ಲ. ಇನ್ನೂ ಒಳಗೆ ಆಯುಧಪೂಜೆಯ ಕೆಂಪು ಬಟ್ಟೆಯ ಚೂರು. ಎಲ್ಲದರ ತಳದಲ್ಲಿ, ಬಣ್ಣ ಇನ್ನೂ ಮಾಸದ ಒಂದು ಬೀಡಿ ಕಟ್ಟಿನ ಲೇಬಲ್ಲು.

ಸಾಹೇಬರು ಒಂದೊಂದನ್ನೂ ಚಿಮ್ಮಟದಲ್ಲಿ ಹಿಡಿದು ಪೇಪರಿನ ಮೇಲೆ ಸಾಲಾಗಿ ಇಟ್ಟರು. ಬೀಡಿ ಲೇಬಲ್ಲಿನ ಮುಂದೆ ನಾನು ಸ್ವಲ್ಪ ಹೊತ್ತು ಸುಮ್ಮನಾದೆ. ಕೋವಿಯ ಹಿಡಿ ಮೂರು ವರ್ಷ ನಮ್ಮ ಮನೆಯ ಬೀರುವಿನಲ್ಲಿತ್ತು, ಕೀಲಿ ಅಪ್ಪಯ್ಯನ ಸೊಂಟದಲ್ಲಿತ್ತು. ಅಪ್ಪಯ್ಯ ಬೀಡಿ ಮುಟ್ಟಿದವರೇ ಅಲ್ಲ ಎಂದು ಅಮ್ಮ ಊರೆಲ್ಲ ಹೇಳಿಕೊಂಡು ಬಂದವಳು. ಲೇಬಲ್ಲನ್ನು ನಾನೇ ಮಡಿಚಿ ಜೇಬಿಗೆ ಹಾಕಿಕೊಂಡೆ. ಅದು ರಿಪೇರಿಗೆ ಸಂಬಂಧಪಟ್ಟದ್ದಲ್ಲ.

“ಎಲ್ಲರೂ ಇದನ್ನೇ ಮಾಡೋದು,” ಎಂದರು ಸಾಹೇಬರು. “ಕಾಗದ ಇಟ್ಟ ದಿನ ಬಿಗಿಯಾಗತ್ತೆ. ಖುಷಿ. ಆರು ತಿಂಗಳಿಗೆ ಕಾಗದ ಎಣ್ಣೆ ಕುಡಿದು ಮೆತ್ತಗಾಗತ್ತೆ, ಮತ್ತೆ ಅಲ್ಲಾಡತ್ತೆ. ಅದರ ಮೇಲೆ ಇನ್ನೊಂದು ಇಡೋದು. ಇಡ್ತಾ ಇಡ್ತಾ ಕೋವಿಗೆ ಕೂರೋಕೆ ಜಾಗ ಇರಲ್ಲ.”

ಆಮೇಲೆ ಮಾಡಿದ್ದನ್ನು ನಾನು ಕುರ್ಚಿ ಮುಂದಕ್ಕೆಳೆದುಕೊಂಡು ನೋಡಿದೆ. ಒಂದು ಸೀಮೆಎಣ್ಣೆ ಬುಡ್ಡಿ ಹಚ್ಚಿ, ಬತ್ತಿಯನ್ನು ಬೇಕೆಂದೇ ಮೇಲೆ ಮಾಡಿ ಕಪ್ಪು ಹೊಗೆ ಬರಿಸಿ, ಹಿಡಿಯ ಕಡೆಯ ಕಬ್ಬಿಣವನ್ನು ಆ ಹೊಗೆಗೆ ಹಿಡಿದರು. ಕಾಡಿಗೆ ಹಚ್ಚಿದಂತೆ ಮಸಿ ಕೂತಿತು. ಎರಡು ತುಂಡನ್ನೂ ಮೆಲ್ಲನೆ ಜೋಡಿಸಿ, ಒತ್ತಿ, ಮತ್ತೆ ಬೇರೆ ಮಾಡಿದರು. ಎಲ್ಲಿ ಕಬ್ಬಿಣಕ್ಕೆ ಕಬ್ಬಿಣ ತಾಗಿದೆಯೋ ಅಲ್ಲಿ ಮಸಿ ಹೋಗಿ ಹೊಳೆಯುತ್ತದೆ, ತಾಗದ ಕಡೆ ಮಸಿ ಹಾಗೇ ಇರುತ್ತದೆ. ಮುಂಭಾಗದಲ್ಲಿ ಎಳ್ಳುಕಾಳಿನಷ್ಟೇ ಹೊಳೆಯುತ್ತಿತ್ತು. ಅಲ್ಲಿ ಇನ್ನಷ್ಟು ಕರಿ ಮೇಣ ತೆಗೆದು ಮತ್ತೆ ಮಸಿ. ಮತ್ತೆ ಜೋಡಣೆ. ಐದನೇ ಸಲಕ್ಕೆ ಹೊಳಪು ಅಕ್ಕಿಕಾಳಾಗಿ, ಹುಣಸೆ ಬೀಜವಾಗಿ, ಅಂಚಿನುದ್ದಕ್ಕೂ ಗೆರೆಯಾಗಿ ಬಂತು. ಅರವನ್ನು ಅವರು ಒಂದು ಸಲವೂ ಮುಟ್ಟಲಿಲ್ಲ. ಮೇಜಿನ ಮೇಲೆ ಅರ ಇತ್ತು, ನಾನು ಕಣ್ಣಲ್ಲೇ ಕೇಳಿದೆ. “ಕಬ್ಬಿಣ ತೆಗೆಯೋದು ಸುಲಭ ಸ್ವಾಮಿ, ಹಾಕೋದು ಯಾರು?” ಎಂದರು.

ಈಗ ಉಳಿದದ್ದು ಬೋಲ್ಟು. ಅದನ್ನು ನೋಡಿ ಅವರು ಮುಖ ಸಿಂಡರಿಸಿದರು. ಥ್ರೆಡ್ಡೇ ಬೇರೆ, ದಪ್ಪವೇ ಬೇರೆ. ಪುಣ್ಯಕ್ಕೆ ಬೋಲ್ಟಿನ ಕಬ್ಬಿಣ ಮೆತು; ತಿಕ್ಕಾಟದಲ್ಲಿ ಬೋಲ್ಟಿನ ಥ್ರೆಡ್ಡೇ ಹೋಗಿತ್ತು, ಕೋವಿಯದು ಉಳಿದಿತ್ತು. ಹೊಸದನ್ನು ಲೇತಿನಲ್ಲಿ ಕಡೆಸಬಹುದು, ಆದರೆ ಈ ಕಂಪನಿಯ ಥ್ರೆಡ್ಡಿನ ಅಳತೆ ನಮ್ಮ ಪೇಟೆಯ ಯಾವ ಅಳತೆಗೂ ಕೂಡುವುದಿಲ್ಲ, ದುಬಾರಿ. “ಮೂಲದ್ದು ಮನೇಲಿ ಎಲ್ಲಾದರೂ ಇರತ್ತೆ ನೋಡಿ. ಕೋವಿಯ ತಿರುಪು ಯಾರೂ ಎಸೆಯಲ್ಲ” ಎಂದು ಒಂದು ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಅದರ ಚಿತ್ರ ಬಿಡಿಸಿದರು. ಗಿಡ್ಡ ಕಾಂಡ, ದಪ್ಪ ತಲೆ, ತಲೆಯ ಸುತ್ತ ಗೀರು.

ನಾನು ಆ ಚೀಟಿಯನ್ನು ನೋಡಿದೆ. ತಿರುಗಿಸಿ ನೋಡಿದೆ. ಹೆಬ್ಬೆರಳಿಗೂ ತೋರುಬೆರಳಿಗೂ ಆ ಗೀರುಗಳ ನೆನಪು ತಟ್ಟನೆ ಬಂತು. ದೊಡ್ಡಪ್ಪನ ಮನೆಗೆ ಹೋದಾಗ ಭಾನುವಾರ ಬೆಳಿಗ್ಗೆ ಸ್ಟೂಲು ಹತ್ತಿಸಿ, ಗಡಿಯಾರದ ಬಾಗಿಲು ತೆರೆದು ಕೀಲಿ ಕೊಡುವ ಕೆಲಸ ನನಗೆ ಸಿಗುತ್ತಿತ್ತು!

ಹೊರಡಲು ಎದ್ದವನು, ಬಾಯಿ ತಡೆಯದೆ, ಇನ್ನು ಮುಂದೆ ಗುರಿ ತಪ್ಪುವುದಿಲ್ಲವಲ್ಲ ಸಾಹೇಬರೇ ಎಂದೆ. ಅವರು ಕನ್ನಡಕವನ್ನು ಮೊದಲ ಸಲ ಕಣ್ಣಿಗೆ ಇಳಿಸಿದರು. “ಹಿಂದಿನ ಗುರಿಕಾಯಿ ಎಲ್ಲಿದೆ ನೋಡಿ. ನಳಿಗೆ ಮೇಲೆ. ಮುಂದಿನದು? ಅದೂ ನಳಿಗೆ ಮೇಲೆ. ಎರಡೂ ಒಂದೇ ತುಂಡಿನಲ್ಲಿವೆ. ಹಿಡಿ ಅಲ್ಲಾಡಿದ್ರೆ ನಿಮ್ಮ ಕೆನ್ನೆಗೆ ತೊಂದರೆ, ಗುರಿಗೆ ಏನೂ ಆಗಲ್ಲ.” ಕೊಟ್ಟಿಗೆಯ ಆರು ಹೆಂಚುಗಳು, ಮೂರು ತಲೆಮಾರಿನ ನೆಪ, ಒಂದೇ ಮಾತಿಗೆ ಬಿದ್ದುಹೋದವು. ಇದನ್ನು ಮನೆಯಲ್ಲಿ ಹೇಳಬೇಕೆ ಎಂದು ಬಸ್ಸಿನಲ್ಲಿ ಹಾಸನದ ತನಕ ಯೋಚಿಸಿ, ಬೇಡವೆಂದು ತೀರ್ಮಾನಿಸಿದೆ.

ದೊಡ್ಡಮ್ಮನಿಗೆ ಈಗ ಎಂಬತ್ತಾರು. ಕಣ್ಣು ಮಂದ, ಕಿವಿ ಮಾತ್ರ ಅವರಿಗೆ ಬೇಕಾದಾಗ ಚುರುಕು. ಗಡಿಯಾರ ನಡುಮನೆಯಲ್ಲಿ ಹಾಗೇ ಇತ್ತು. ಬಾಗಿಲಿಗೆ ತಿರುಪು. ಐವತ್ತು ವರ್ಷದ ಬೆರಳ ಜಿಡ್ಡಿಗೆ ಹಿತ್ತಾಳೆಯೋ ಕಬ್ಬಿಣವೋ ತಿಳಿಯದಂತಾಗಿತ್ತು. ಸ್ಟೂಲು ಹತ್ತಿ, ಉಗುರಿನಿಂದ ಕೆರೆದು ನೋಡಿದೆ. ಅದೇ.

“ದೊಡ್ಡಮ್ಮ, ಇದು ಕೋವಿದಲ್ದಾ?”

“ಹೌದು. ನಿನ್ನ ದೊಡ್ಡಪ್ಪನೇ ಹಾಕಿದ್ದು, ಪಾಲಾದ ಮರುದಿನ. ಬಾಗಿಲಿಗೆ ಹಿಡಿಯಿಲ್ಲ ಅಂತ ನಾನು ಗಲಾಟೆ ಮಾಡಿದ್ದೆ.”

“ಮತ್ತೆ ಇಷ್ಟು ವರ್ಷ ಕೋವಿಗೆ ಬೋಲ್ಟು ಹಾಕಿ ಒದ್ದಾಡಿದ್ವಲ್ಲ! ಹೇಳೋದಲ್ವಾ?”

“ನನ್ನನ್ನು ಯಾರು ಕೇಳಿದ್ರಾ? ಗಡಿಯಾರ ದಿನಾ ಬೇಕು. ಕೋವಿ ವರ್ಷಕ್ಕೊಂದ್ಸಲ ಕುಂಕುಮ ಹಚ್ಚೋದಕ್ಕೆ.”

ವಾದಿಸಲು ಎಲ್ಲಿಯೂ ಜಾಗವಿರಲಿಲ್ಲ. ಅವರ ಅಪ್ಪಣೆ ಪಡೆದು ತಿರುಪು ಬಿಚ್ಚಿದೆ. ಮರದೊಳಗೆ ಬಿಗಿಯಾಗಿ ಹೂತಿದ್ದ ಅದು ಕಿರ್ರೆಂದು ಬಂತು. ಖಾಲಿ ತೂತಿಗೆ ಆ ಸೈಕಲ್ ಶಾಪಿನ ಬೋಲ್ಟನ್ನೇ ತುರುಕಿ, ಸಾಟಿಗೆ ಸಾಟಿ ಎಂದುಕೊಂಡು, ಮರುವಾರ ಮೈಸೂರಿಗೆ ಹೋದೆ. ಸಾಹೇಬರು ತಿರುಪನ್ನು ಸೀಮೆಎಣ್ಣೆಯಲ್ಲಿ ತೊಳೆದು, ಎರಡೇ ಬೆರಳಿನಲ್ಲಿ ಹಿಡಿದು ತಿರುಗಿಸಿದರು. ಸುತ್ತು ಸುತ್ತಾಗಿ, ತಡೆಯದೆ, ಸದ್ದಿಲ್ಲದೆ ಒಳಗೆ ಹೋಗಿ ಕೊನೆಗೆ ತಾನಾಗಿ ನಿಂತಿತು. ಕಿಟಕಿಗೆ ಹಿಡಿದರು, ಬೆಳಕಿಲ್ಲ. ಕಿವಿಯ ಬಳಿ ಅಲ್ಲಾಡಿಸಿದರು, ಲಟಕ್ಕಿಲ್ಲ. ಆರುನೂರು ರೂಪಾಯಿ ತೆಗೆದುಕೊಂಡರು. ಅದರಲ್ಲಿ ಎಷ್ಟು ಕೆಲಸಕ್ಕೆ, ಎಷ್ಟು ನನ್ನ ಪ್ರಶ್ನೆಗಳಿಗೆ ಎಂದು ಬಿಡಿಸಿ ಹೇಳಲಿಲ್ಲ.

ಮರುವರ್ಷ ಲೋಕಸಭೆ ಚುನಾವಣೆಗೆ ಮತ್ತೆ ಸಾಲಿನಲ್ಲಿ ನಿಂತೆ. ಅದೇ ಹುಡುಗ ಪೊಲೀಸು ಇದ್ದ. ನನ್ನನ್ನು ಕಂಡವನೇ ಎರಡು ಹೆಜ್ಜೆ ಹಿಂದೆ ಸರಿದು, ನಂಬರು ನೀವೇ ಓದಿ ಹೇಳಿ ಎಂದ. ಎಳೆದು ನೋಡಿ ಎಂದರೂ ಎಳೆಯಲಿಲ್ಲ. ದಫೇದಾರರು ಹಳೇ ರಿಜಿಸ್ಟರು ತೆಗೆದು ಅದರಂತೆಯೇ ‘ತುಂಡು 2, ಸಡಿಲ’ ಎಂದು ನಕಲು ಮಾಡಿದರು. ಈಗ ಗಟ್ಟಿಯಾಗಿದೆ ಎಂದೆ. ತಿದ್ದಬೇಕಾದರೆ ಮೇಲಿನವರ ಸಹಿ ಬೇಕು ಎಂದರು.

ಇತ್ತೀಚೆಗೆ ದೊಡ್ಡಮ್ಮನನ್ನು ನೋಡಲು ಹೋಗಿದ್ದೆ. ನಡುಮನೆಯಲ್ಲಿ ಕೂತು ಕಾಫಿ ಕುಡಿಯುತ್ತಿರುವಾಗ ಗಡಿಯಾರ ನಾಲ್ಕು ಹೊಡೆಯಿತು. ಮೊದಲನೇ ಹೊಡೆತಕ್ಕೆ ಗಾಜಿನ ಬಾಗಿಲು ನಡುಗಿತು, ಎರಡನೆಯದಕ್ಕೆ ಬೋಲ್ಟು ಜಾರಿತು, ಮೂರನೆಯದಕ್ಕೆ ಬಾಗಿಲು ಲಟಕ್ಕೆಂದು ತೆರೆದುಕೊಂಡು ನನ್ನ ಕಡೆ ವಾಲಿತು. ದೊಡ್ಡಮ್ಮ ತಲೆ ಎತ್ತಲಿಲ್ಲ.

“ಅಲ್ಲೇ ಕ್ಯಾಲೆಂಡರಿನ ಹಳೇ ಹಾಳೆ ಉಂಟು ನೋಡು,” ಎಂದರು. “ಒಂದು ಚೂರು ಹರಿದು, ಮಡಚಿ, ಸಂದಿಗೆ ಸಿಕ್ಕಿಸು.”